ಕದ ಹಾಕಿದಾವನ ಅಂಕಿತ

ಹುಲಿಗೆಮ್ಮನಿಗೆ ಬಿಟ್ಟಿ ಸಿಗುವ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಉಳಿದ ಅನ್ನ ಕೊಟ್ಟರೆ ಮೊದಲು ಮೂಸಿ ನೋಡುವಳು. ಹಳೇ ಸೀರೆ ಕೊಟ್ಟರೆ ಕೊಟ್ಟವರ ಎದುರಿಗೇ ಕೊಡವಿ, ಎಲ್ಲಿ ಹರಿದಿದೆ ಎಂದು ಹುಡುಕುವಳು. ಯಾರಾದರೂ ನಕ್ಕು ಮಾತಾಡಿಸಿದರೆ, ಇವತ್ತು ಯಾವ ಹೆಚ್ಚಿನ ಕೆಲಸ ತಲೆಗೆ ಕಟ್ಟುತ್ತಾರೋ ಎಂದು ಕಾಯುವಳು. ಕಸದವಳಿಗೆ ಎಷ್ಟು ಸೊಕ್ಕು ನೋಡು ಎಂದು ಕ್ವಾರ್ಟರ್ಸಿನ ಬಾಯಂದಿರು ಮೂಗು ಮುರಿಯುತ್ತಿದ್ದರು. ಸೊಕ್ಕೂ ಅಲ್ಲ, ಸುಡುಗಾಡೂ ಅಲ್ಲ. ಪೆಟ್ಟು ತಿಂದು ತಿಂದು ಬಂದ ಬುದ್ಧಿ ಅದು.

ಅಂಥವಳೇ ಒಂದು ಸಲ ಮೂಸಿ ನೋಡದೆ ಮಗಳನ್ನು ಕಳಿಸಿಬಿಟ್ಟಳು.

ತೆಲುಗು ಸೀಮೆಯ ಬಾಲಾನಗರದ ಆಚೆ, ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸು. ಅದನ್ನು ಕಟ್ಟಿದವರು ರಾಯಚೂರು, ಕಲಬುರ್ಗಿ ಕಡೆಯಿಂದ ಬಂದ ಕೂಲಿಗಳು. ಕಟ್ಟಿ ಮುಗಿದ ಮೇಲೆ ಅವರನ್ನು ಹೊರಗೆ ಹಾಕಿ ಗೇಟು ಮುಚ್ಚಿದರು. ಎಲ್ಲಿ ಹೋದಾರು? ಕಾಂಪೌಂಡಿನ ಗೋಡೆಗೇ ಬೆನ್ನು ಕೊಟ್ಟು ತಗಡಿನ ಬಸ್ತಿ ಹಾಕಿಕೊಂಡರು. ಗಂಡಸರು ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಹೆಂಗಸರು ಅದೇ ಕ್ವಾರ್ಟರ್ಸಿನಲ್ಲಿ ಕಸ, ಮುಸುರೆ, ಸಂಡಾಸು. ಹುಲಿಗೆಮ್ಮನ ಗಂಡ ಆ ಕಟ್ಟಡದ ಸಾರುವೆಯಿಂದ ಬಿದ್ದೇ ಸತ್ತಿದ್ದ. ಅವನು ಬಿದ್ದ ಜಾಗದಲ್ಲಿ ಈಗ ಗುಲಾಬಿ ಗಿಡಗಳಿದ್ದವು. ದಿನಾ ಬೆಳಿಗ್ಗೆ ಅವುಗಳ ಬುಡದ ಕಸವನ್ನು ಹುಲಿಗೆಮ್ಮನೇ ಗುಡಿಸುತ್ತಿದ್ದಳು.

ಕ್ವಾರ್ಟರ್ಸಿನಲ್ಲಿ ಕನ್ನಡದ ಮನೆಗಳೂ ಬಹಳ ಇದ್ದವು. ಹೊರಗೆ ತೆಲುಗು, ಕಾರ್ಖಾನೆಯಲ್ಲಿ ಹಿಂದಿ, ಮನೆಯೊಳಗೆ ಕನ್ನಡ. ಅವರದೊಂದು ಭಜನಾ ಮಂಡಳಿ. ಭಜನೆಗೆ ಕೂಡಲು ಅದಕ್ಕೊಂದು ಹಾಲು. ಹಾಲಿಗೆ ಕೆಂಪು ಜಮಖಾನ. ಜಮಖಾನವನ್ನು ಒಗೆದು ಹಾಸುವವಳು ಹುಲಿಗೆಮ್ಮ. ಕೂಡುವವರು ಬೇರೆ. ಬಸ್ತಿಯವರು ಬಂದರೆ ಚಪ್ಪಲಿ ಬಿಡುವ ಜಾಗದ ಪಕ್ಕ ಬರಿ ನೆಲದಲ್ಲಿ ಕೂಡಬೇಕು. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮಂಡಳಿಯ ಸೂತ್ರವೆಲ್ಲ ಸುಬ್ಬರಾಯ ಮಾಸ್ತರರ ಕೈಯಲ್ಲಿ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಆಫೀಸರು. ಹಾರ್ಮೋನಿಯಂ ಚೆನ್ನಾಗಿ ನುಡಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಬಿಟ್ಟಿ ಪಾಠ. ಒಂದು ದಿನ ಹುಲಿಗೆಮ್ಮನ ಒಂಬತ್ತು ವರ್ಷದ ಮಗಳು ಉಷಾ, ತಾಯಿಗೆ ನೀರು ಹೊತ್ತು ಕೊಡುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಮಾಸ್ತರರು ನಿಂತು ಕೇಳಿದರು.

"ಕೂಸಿನ ಕಂಠ ಭಾಳ ಛಲೋ ಅದ ಹುಲಿಗೆಮ್ಮ. ಪಾಠಕ್ಕ ಕಳಸು. ಎಲ್ಲಾರ ಜೋಡಿ ಜಮಖಾನದ ಮ್ಯಾಲೇ ಕೂತು ಕಲೀಲಿ."

ಜಮಖಾನದ ಮೇಲೆ! ಹುಲಿಗೆಮ್ಮನ ಕಿವಿ ನೆಟ್ಟಗಾಯಿತು. ಯಾಕೆ ಇಷ್ಟು ಪ್ರೀತಿ? ಏನು ಬೇಕು ಇವರಿಗೆ? ಮನಸ್ಸು ಹಿಂದೆ ಎಳೆಯಿತು. ಆದರೆ ಕೂಸಿನ ಮುಖ ನೋಡಿದಳು. ದೀಪ ಹಚ್ಚಿದಂತಾಗಿತ್ತು. ಹೂಂ ಅಂದುಬಿಟ್ಟಳು. ಕ್ವಾರ್ಟರ್ಸಿನವರೆಲ್ಲ ಮಾಸ್ತರರನ್ನು ಹೊಗಳಿದ್ದೇ ಹೊಗಳಿದ್ದು. ಎಂಥಾ ದೊಡ್ಡ ಮನಸ್ಸು, ಬಸ್ತಿ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರಲ್ಲ ಎಂದು.

ಕೆಲವು ವಾರ ಕಳೆದ ಮೇಲೆ, ಉಳಿದ ಮಕ್ಕಳು ಎದ್ದುಹೋದ ನಂತರ ಉಷಾಗೆ ಬೇರೆ ಪಾಠ ಶುರುವಾಯಿತು. ಹಾಲಿನ ಬಾಗಿಲು ಮುಚ್ಚುತ್ತಿತ್ತು. ಸದ್ದು ಹೊರಗೆ ಹೋದರೆ ಶ್ರುತಿ ಕೂಡುವುದಿಲ್ಲವಂತೆ. ಹುಲಿಗೆಮ್ಮ ಆ ಹೊತ್ತಿಗೆ ಹಾಲಿನ ಮೆಟ್ಟಿಲು ಗುಡಿಸುತ್ತಿದ್ದಳು. ಒಳಗಿಂದ ಹಾರ್ಮೋನಿಯಮ್ಮಿನ ಒಂದೇ ಸುರ ಕೇಳುತ್ತಿತ್ತು. ಉದ್ದಕ್ಕೆ, ಏರದೆ, ಇಳಿಯದೆ. ಮಗಳಿಗೆ ಶ್ರುತಿ ಹಿಡಿಸುತ್ತಿದ್ದಾರೆ ಎಂದುಕೊಂಡಳು. ಪೊರಕೆ ಆಡಿಸುತ್ತ ಅವಳ ತುಟಿಯ ಮೇಲೆ ನಗೆ ಬರುತ್ತಿತ್ತು.

ಆಮೇಲೆ ಉಷಾ ಹಾಡುವುದನ್ನು ಬಿಟ್ಟಳು.

ಮೊದಲು ಹಾಡು ಬಿಟ್ಟಳು. ಆಮೇಲೆ ಊಟ. ಕುಂಟೆಬಿಲ್ಲೆ ಆಡಲು ಕರೆದರೆ ಬರಲೊಲ್ಲಳು. ಹಿಂದಿನಿಂದ ಯಾರಾದರೂ ಮುಟ್ಟಿದರೆ ಬೆಚ್ಚಿ ಬೀಳುವಳು. ಗೋಡೆಯಾಚೆ ಹಾರ್ಮೋನಿಯಂ ಸದ್ದಾದರೆ ಸಾಕು, ಗುಡಿಸಲ ಮೂಲೆಯ ನೀರಿನ ಡ್ರಮ್ಮಿನ ಹಿಂದೆ ಹೋಗಿ, ಎರಡೂ ಕೈ ಕಂಕುಳಲ್ಲಿ ಬಚ್ಚಿಟ್ಟುಕೊಂಡು ಕೂಡುವಳು. ದೃಷ್ಟಿಯಾಗಿದೆ ಎಂದರು ನೆರೆಯವರು. ಹುಲಿಗೆಮ್ಮ ಒಪ್ಪಲಿಲ್ಲ. ದೃಷ್ಟಿಗೆ ಕೈ ಬಚ್ಚಿಡುವವರುಂಟೆ?

ಒಂದು ಮಧ್ಯಾಹ್ನ ಅವಳೂ ಹೋಗಿ ಡ್ರಮ್ಮಿನ ಹಿಂದೆ ಮಗಳ ಪಕ್ಕ ಕೂತಳು. ಏನೂ ಕೇಳಲಿಲ್ಲ. ಕೂಸೇ ಬಾಯಿ ಬಿಟ್ಟಿತು.

"ಯವ್ವ, ಎರಡೂ ಕೈ ಹಾಡಿನ ಪೆಟ್ಟಿಗಿ ಮ್ಯಾಲ ಇರಬೇಕಂತಾರ."

"ಯಾರು?"

"ಮಾಸ್ತರು. ಒಂದು ಕೈಲೆ ಗಾಳಿ ತಿದಿ ಒತ್ತಬೇಕು. ಒಂದು ಬೆರಳಿಲೆ ಸುರದ ಮನಿ ಒತ್ತಬೇಕು. ಸುರ ನಿಂದ್ರಬಾರದಂತ. ನಿಂತ್ರ ನಿಮ್ಮವ್ವನ್ನ ಕೆಲಸದಿಂದ ತೆಗಸ್ತೀನಿ ಅಂತಾರ. ಅವ್ರು ಹಿಂದ ಕುಂದರ್ತಾರ."

ಅಷ್ಟೇ. ಉಳಿದದ್ದನ್ನು ಕೂಸು ಹೇಳಲಿಲ್ಲ. ತಾಯಿ ಕೇಳಲಿಲ್ಲ. ಆ ಸುರ ಅವಳ ಕಿವಿಯಲ್ಲೇ ಇತ್ತು. ಬಾಗಿಲ ಹೊರಗೆ ನಿಂತು ಅದನ್ನು ಕೇಳಿದವಳು ಅವಳೇ. ಕೇಳಿ ನಕ್ಕವಳೂ ಅವಳೇ. ಉಷಾ ಒಳಗೆ, ತಾಯಿಯ ಕೂಲಿ ಉಳಿಸಲು ಸುರ ನಿಲ್ಲಗೊಡದೆ ಕೂತಿದ್ದಳು.

ಹುಲಿಗೆಮ್ಮ ಮಗಳ ಎರಡೂ ಕೈ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. "ಇನ್ನು ಆ ಪೆಟ್ಟಿಗಿ ನಿಂದ್ರಬೇಕು" ಅಂದಳು. "ನಿಂದ್ರಸ್ತೀನಿ."

ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಕ್ವಾರ್ಟರ್ಸಿನ ಕೃಷ್ಣಾಬಾಯಿಯ ಮನೆಯಲ್ಲಿ ಮುಸುರೆ ತಿಕ್ಕುವಾಗ ಬಾಯಿಬಿಟ್ಟಳು. ಕೃಷ್ಣಾಬಾಯಿ ಕೆಟ್ಟವಳಲ್ಲ. ಉಷಾಳಿಗೆ ಆ ಹೆಸರು ಇಟ್ಟವಳೇ ಅವಳು. ತನ್ನ ಮಗಳು ಶೋಭಾಳ ಹಳೇ ಫ್ರಾಕುಗಳನ್ನು ಕೊಡುವಳು. ಎಲ್ಲ ಕೇಳಿ, ಮೊದಲು ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿದಳು. ಆಗಲೇ ಹುಲಿಗೆಮ್ಮನಿಗೆ ಉತ್ತರ ಸಿಕ್ಕಿತು.

"ಮೆಲ್ಲಗ ಮಾತಾಡು ಮಾರಾಯ್ತಿ. ಮಾಸ್ತರಂಥಾ ದೇವರಂಥಾ ಮನಶ್ಯಾನ ಮ್ಯಾಲೆ... ನಿನ್ನ ಮಗಳಿಗೇ ಏನೋ ಕನಸು ಬಿದ್ದಿರಬೇಕು. ಹೊರಗ ಗೊತ್ತಾದ್ರ ಹುಡುಗಿ ಹೆಸರು ಕೆಡ್ತದ, ನೋಡು."

"ಕೂಸಿನ ಹೆಸರು ಯಾಕ ಕೆಡ್ತದರಿ ಬಾಯಾರ? ಕೆಡಬೇಕಾದ್ದು ಅವಂದು."

"ಬಾಯಿ ಮುಚ್ಚು. ನಮ್ಮ ಶೋಭಾಗೂ ಬರೂ ವಾರದಿಂದ ಬ್ಯಾರೆ ಪಾಠ ಹೇಳ್ತೀನಿ ಅಂದಾರ. ನವೆಂಬರ್ ಕಾರ್ಯಕ್ರಮದಾಗ ಅಕಿ ಒಬ್ಬಾಕೀನೇ ಹಾಡ್ತಾಳ."

ಹುಲಿಗೆಮ್ಮನ ಕೈಯಿಂದ ಸ್ಟೀಲಿನ ತಾಟು ಜಾರಿ ಬಿತ್ತು. "ಕಳಸಬ್ಯಾಡ್ರಿ ಬಾಯಾರ. ಕಾಲಿಗೆ ಬೀಳ್ತೀನಿ." ಕೃಷ್ಣಾಬಾಯಿ ಮುಖ ತಿರುವಿದಳು. ತಾಟಿಗೆ ನೆಗ್ಗು ಬಿದ್ದದ್ದನ್ನು ಮಾತ್ರ ಎತ್ತಿ ತೋರಿಸಿದಳು.

ಪೊಲೀಸ್ ಚೌಕಿಗೆ ಹೋದಳು. ಅಲ್ಲಿದ್ದ ಜಮಾದಾರ ಎಲೆಅಡಿಕೆ ಜಗಿಯುತ್ತ, ಏ ಬಸ್ತಿ, ಯಾರ ಮೇಲೆ ಕಂಪ್ಲೇಂಟು ಎಂದು ತೆಲುಗಿನಲ್ಲಿ ಕೇಳಿದ. ಇವಳಿಗೆ ಬರುತ್ತಿದ್ದದ್ದು ಮುಸುರೆಯ ತೆಲುಗು, ಕಸದ ತೆಲುಗು. ಇಂಥದ್ದನ್ನು ಹೇಳುವ ತೆಲುಗು ಅವಳಿಗೆ ಯಾರೂ ಕಲಿಸಿರಲಿಲ್ಲ. ತಡವರಿಸಿದಳು. ಹೆಸರು ಕೇಳಿದ ಕೂಡಲೇ ಅವನು ಎದ್ದು ಒಳಗೆ ಹೋದ. ಸಂಜೆಗೆ ಸುದ್ದಿ ಮಂಡಳಿಗೆ ಮುಟ್ಟಿತ್ತು. ಚೌಕಿಯಿಂದ ಹಾಲಿಗೆ ಅಷ್ಟು ಬೇಗ ದಾರಿ ಮಾಡಿದವರು ಯಾರು ಎಂದು ಅವಳು ಕೇಳಲು ಹೋಗಲಿಲ್ಲ.

ಮಂಡಳಿಯವರು ಕರೆಸಿದರು. ಏಳೆಂಟು ಗಂಡಸರು ಜಮಖಾನದ ಮೇಲೆ. ಸುಬ್ಬರಾಯ ಮಾಸ್ತರರು ನಡುವೆ, ತಲೆ ತಗ್ಗಿಸಿಕೊಂಡು, ನೊಂದವರ ಹಾಗೆ. ಹುಲಿಗೆಮ್ಮ ಚಪ್ಪಲಿಗಳ ಪಕ್ಕ ನಿಂತಳು. ಕೂಡು ಎಂದು ಯಾರೂ ಹೇಳಲಿಲ್ಲ. ಮಂಡಳಿಯ ಅಧ್ಯಕ್ಷ ಶಿವಾನಂದ. ಎಂಜಿನಿಯರು. ಬಡವರ ಮೇಲೆ ಕವಿತೆ ಬರೆದು ಪೇಪರಿಗೆ ಕಳಿಸುವವನು. ಅವನೇ ಮಾತು ತೆಗೆದ.

"ನೋಡವ್ವ, ನಾವು ನ್ಯಾಯದ ಕಡಿ ಅದೀವಿ. ನಿನಗೇನು ಸಾಕ್ಷಿ ಐತಿ?"

"ಸುರ ಕೇಳೀನ್ರಿ. ನಾ ಮೆಟ್ಟಿಲ ಕಸ ಹೊಡಿಯೋ ಅಷ್ಟು ಹೊತ್ತೂ ಒಂದೇ ಸುರ. ಹಾಡಿಲ್ಲ, ಮಾತಿಲ್ಲ. ಅದೆಂಥಾ ಪಾಠರಿ?"

ಒಬ್ಬ ಕಿಸಕ್ಕನೆ ನಕ್ಕ. ಇವಳಿಗೆ ಶ್ರುತಿ ಅಂದರೇನು ಗೊತ್ತು ಎಂದ. ಮಾಸ್ತರರು ಕೈ ಎತ್ತಿ ಅವನನ್ನು ತಡೆದರು. "ಪಾಪ, ಆಕೀಗೆ ತಿಳೀವಲ್ದು. ನನಗೇನೂ ಸಿಟ್ಟಿಲ್ಲ" ಅಂದರು. ಎಷ್ಟು ಮೆತ್ತಗಿನ ದನಿ! ಹುಲಿಗೆಮ್ಮನ ಮೈ ಉರಿದುಹೋಯಿತು.

"ಹಂಗಾದ್ರ ಹಿಂಗ ಮಾಡು" ಎಂದ ಶಿವಾನಂದ. "ಕೂಸಿನ್ನ ಕರ್ಕೊಂಡು ಬಾ. ಏನಾತು, ಹೆಂಗಾತು, ಇಲ್ಲಿ ಎಲ್ಲಾರ ಮುಂದ ತನ್ನ ಬಾಯಿಲೆ ಹೇಳಲಿ."

ಹುಲಿಗೆಮ್ಮ ಜಮಖಾನವನ್ನು ನೋಡಿದಳು. ಗಂಡಸರ ಆ ಮುಖಗಳನ್ನು ನೋಡಿದಳು. ಕೇಳಲು ಒಬ್ಬೊಬ್ಬನೂ ಮುಂದಕ್ಕೆ ಬಾಗಿ ಕೂತಿದ್ದ.

"ತರಂಗಿಲ್ಲ" ಅಂದಳು.

"ಅಂದ್ರ?"

"ಕೂಸು ಒಮ್ಮೆ ಹೇಳೈತಿ. ನನಗ ಹೇಳೈತಿ. ನಿಮಗ ಹೇಳಂಗಿಲ್ಲ. ಹೇಳೋದಿದ್ರ ನಾ ಹೇಳ್ತೀನಿ. ನಿಂತು ಕೇಳೋ ಧೈರ್ಯ ಐತೇನು ನಿಮಗ?"

ಧೈರ್ಯ ಇರಲಿಲ್ಲ. ಕೂಸು ಬರದಿದ್ದರೆ ದೂರು ಸುಳ್ಳು ಎಂದು ಸಭೆ ಮುಗಿಸಿ ಎದ್ದರು. ಅವಳ ತಮ್ಮ ಮಲ್ಲಪ್ಪ ಕಾರ್ಖಾನೆಯ ಗುತ್ತಿಗೆ ಕೂಲಿ. ಅವನನ್ನು ಎರಡು ದಿನ ಗೇಟಿನಲ್ಲೇ ನಿಲ್ಲಿಸಿ, ನಿನ್ನ ಅಕ್ಕನಿಗೆ ಬುದ್ಧಿ ಹೇಳು ಎಂದು ಕಳಿಸಿದರು. ಅವನು ಬಂದು ಹೊಸ್ತಿಲಲ್ಲಿ ಕುಕ್ಕರಿಸಿದ.

"ಅಕ್ಕ, ನಮ್ಮಂಥೋರಿಗೆ ಎದಕ ಬೇಕಿದು? ನುಂಗಿಕೋ."

"ಏಸು ನುಂಗ್ಲೋ? ಸಾರುವೆಯಿಂದ ಬಿದ್ದ ನಿಮ್ಮ ಮಾವನ ಹೆಣ ನುಂಗೀನಿ. ಅವರ ಹೇಲು ಬಳದೀನಿ. ಇದು ಗಂಟಲದಾಗ ಇಳಿವಲ್ದು."

ಮಲ್ಲಪ್ಪ ಎದ್ದು ಹೋದ. ಅವನ ಮೇಲೂ ಅವಳಿಗೆ ಅನುಮಾನ ಬಂತು. ಯಾರು ಏನು ಹೇಳಿ ಕಳಿಸಿದ್ದಾರೋ ಎಂದು. ಒಡಹುಟ್ಟಿದವನನ್ನೂ ನಂಬದ ಹಾಗೆ ಮಾಡಿದ್ದರು.

ಹುಲಿಗೆಮ್ಮನಿಗೆ ಪದ ಕಟ್ಟುವುದು ತಾಯಿಯಿಂದ ಬಂದದ್ದು. ಸಿಂಧನೂರಿನ ಕಡೆ ಗದ್ದೆ ನಾಟಿಗೆ ಹೋದಾಗ, ಅವ್ವ ಬಗ್ಗಿದ ಬೆನ್ನು ಎತ್ತದೆ ಪದ ಕಟ್ಟುತ್ತಿದ್ದಳು. ಉಳಿದವರು ಹಿಂದಿನಿಂದ ಎಳೆಯುತ್ತಿದ್ದರು. ಆ ಪದಗಳಿಗೆ ಒಂದು ಪದ್ಧತಿ ಇತ್ತು. ಕೊನೆಯಲ್ಲಿ ಅಂಕಿತ ಬರಬೇಕು. ಈ ಪದ ಯಾರದು, ಯಾರ ಪಾದಕ್ಕೆ ಸೇರಿತು ಎಂದು ಅಲ್ಲಿ ಹೆಸರಿಟ್ಟು ಹೇಳಬೇಕು. ಹಿಮ್ಮೇಳದವರು ಅದನ್ನು ಮೂರು ಸಲ ತಿರುಗಿಸಿ ಹಾಡಬೇಕು. ಕೇಳುವವರು ಆಗ ಕೈ ಮುಗಿಯಬೇಕು. ಅವ್ವನ ಪದಗಳೆಲ್ಲ ಹುಲಿಗಿಯ ಗುಡಿಯ ಅಮ್ಮನ ಹೆಸರಿನಲ್ಲಿ ಮುಗಿಯುತ್ತಿದ್ದವು. ಹುಲಿಗೆಮ್ಮ ಕಟ್ಟಿದವೂ ಹಾಗೆಯೇ.

ಈಗ ಅವಳು ಗುಡಿಸುತ್ತ ಕಟ್ಟಿದಳು. ತಿಕ್ಕುತ್ತ ಕಟ್ಟಿದಳು. ಸಂಡಾಸಿಗೆ ಫಿನಾಯಿಲ್ ಹಾಕಿ ಉಜ್ಜುತ್ತ, ಉಜ್ಜಿದ ಲಯಕ್ಕೇ ಸಾಲು ಕೂಡಿಸಿದಳು. ಕೂಸು ಹೇಳಬಾರದು. ತಾನು ಹೇಳಬೇಕು. ನಿಂತು ಹೇಳಿದರೆ ಬಾಯಿ ಮುಚ್ಚಿಸುತ್ತಾರೆ. ಹಾಡಿದರೆ ಮುಗಿಯುವವರೆಗೆ ಕೂತು ಕೇಳುತ್ತಾರೆ. ದೊಡ್ಡ ಮಂದಿಗೆ ಆ ಒಂದು ಮರ್ಯಾದೆ ಇನ್ನೂ ಉಳಿದಿತ್ತು.

ಒಂದು ಮಧ್ಯಾಹ್ನ ಒಗೆಯುವ ಕಲ್ಲಿನ ಮೇಲೆ ಮಂಡಳಿಯ ಅದೇ ಜಮಖಾನವನ್ನು ಬಡಿಯುತ್ತ ಮೊದಲ ಸಾಲನ್ನು ಗಟ್ಟಿಯಾಗಿ ಹಾಡಿದಳು.

ಬಾಗಿಲ ಹಾಕ್ಯಾರೇ ಯವ್ವ ಪಾಠದ ಮನಿಗೆ...

'ಪಾಠದ' ಎಂಬಲ್ಲಿ ಧಾಟಿ ಏರಿತು. ಅವ್ವನ ಧಾಟಿ ಅದು. ಗದ್ದೆಯ ಆ ತುದಿಗೆ ಕೇಳಲೆಂದು ಏರುತ್ತಿತ್ತು. ಕಲ್ಲಿನ ಪಕ್ಕ ಕೂತಿದ್ದ ಉಷಾ ತಲೆ ಅಲ್ಲಾಡಿಸಿದಳು.

"ಅದು ಏರಂಗಿಲ್ಲ, ಯವ್ವ."

ಹುಲಿಗೆಮ್ಮ ಕೈ ನಿಲ್ಲಿಸಿದಳು. ಇನ್ನೊಮ್ಮೆ ಹಾಡಿದಳು. ಮತ್ತೆ ಏರಿತು. ಉಷಾ ತಾಯಿಯ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಕ್ಕೆ ಒತ್ತಿದಳು. ಹಾಡಿ ತೋರಿಸಲಿಲ್ಲ. ಹಾಡಲು ಅವಳಿಂದ ಆಗುತ್ತಿರಲಿಲ್ಲ. ಬರೀ ಒತ್ತಿದಳು. ತಾಯಿ ದನಿ ಇಳಿಸಿದಳು. ಇನ್ನೂ ಒತ್ತಿದಳು. ಇನ್ನೂ ಇಳಿಸಿದಳು. ಒಂದು ಕಡೆ ಬಂದಾಗ ಕೂಸು ಕೈ ಬಿಟ್ಟಿತು.

ಅದೇ ಸುರ. ಮೆಟ್ಟಿಲ ಮೇಲೆ ಕೇಳಿದ್ದ ಸುರ.

ಇಡೀ ಪದವನ್ನು ಆ ಒಂದು ಸುರದ ಮೇಲೆಯೇ ಕಟ್ಟಿದಳು. ಏರಿಲ್ಲ, ಇಳಿತವಿಲ್ಲ. ಹಾಡುವಾಗ ಉಸಿರು ಕಟ್ಟುತ್ತಿತ್ತು. ಕಟ್ಟಲಿ ಎಂದು ಬಿಟ್ಟಳು. ಕೊನೆಗೆ ಅಂಕಿತಕ್ಕೆ ಬಂದು ನಿಂತಳು. ಹುಲಿಗಿಯ ಅಮ್ಮನ ಹೆಸರು ನಾಲಿಗೆಗೆ ಬಂತು. ಬಂದದ್ದನ್ನು ನುಂಗಿದಳು. ಇದು ಆ ದೇವಿಯ ಪಾದಕ್ಕೆ ಹಾಕುವ ಪದವೇ? ಈ ಹೊಲಸನ್ನು ಅವಳ ಮೇಲೆ ಯಾಕೆ ಹೊರಿಸಬೇಕು? ಪದ ಯಾರದೋ ಅವರ ಹೆಸರೇ ಬರಲಿ.

ಮಗಳನ್ನು ಕೇಳಿದಳು. "ನಿನ್ನ ಹೆಸರು ಎಲ್ಲೂ ಬರಂಗಿಲ್ಲ. ಅವನ ಹೆಸರು ಬರ್ತೈತಿ. ಹಾಡ್ಲಾ?"

ಉಷಾ ಕಲ್ಲಿನ ಮೇಲೆ ಬೆರಳಾಡಿಸಿದಳು. "ಪೆಟ್ಟಿಗಿ ನಿಂದ್ರತೈತಾ?"

"ನೋಡೂಣು."

"ಹಾಡು."

ನವೆಂಬರ್ ಒಂದರ ಕಾರ್ಯಕ್ರಮದಲ್ಲಿ ಪ್ರತಿ ವರ್ಷ, ಉಪ್ಪಿಟ್ಟಿಗೆ ಮೊದಲು, ಬಸ್ತಿ ಹೆಂಗಸರದೊಂದು ಜಾನಪದ ಇರುತ್ತಿತ್ತು. ಈ ಸಲ ಕರೆಯುವುದಿಲ್ಲ ಎಂದುಕೊಂಡಿದ್ದಳು. ಆದರೆ ಶಿವಾನಂದ ತಾನೇ ಬಸ್ತಿಗೆ ಬಂದ. ಹೆಗಲಲ್ಲಿ ಟೇಪ್‌ರೆಕಾರ್ಡರು. ಬಂದವನು ಹರಕು ಚಾಪೆಯ ಮೇಲೆ ಕೂತ. ಚಹಾ ಕೊಡು ಎಂದು ಕೇಳಿ ಕುಡಿದ. ಹುಲಿಗೆಮ್ಮ ಅವನು ಲೋಟ ಹಿಡಿದದ್ದನ್ನೇ ನೋಡುತ್ತಿದ್ದಳು. ಕಷ್ಟಪಟ್ಟು ಕುಡಿಯುತ್ತಿದ್ದ.

"ನೀ ಹೊಸಾ ಪದ ಕಟ್ಟೀಯಂತ. ಕೇಳಿಸು."

ಅಂಕಿತ ಬಿಟ್ಟು ಉಳಿದದ್ದನ್ನು ಕೇಳಿಸಿದಳು. ಶಿವಾನಂದನ ಕಣ್ಣಲ್ಲಿ ನೀರು ಬಂತು. ಖರೇ ನೀರು. ಅದೂ ಅವಳಿಗೆ ನಂಬಿಕೆ ಹುಟ್ಟಿಸಲಿಲ್ಲ. ಕೂಸು ಬಂದು ಹೇಳಲಿ ಎಂದಾಗ ಈ ನೀರು ಎಲ್ಲಿ ಹೋಗಿತ್ತು?

"ಭಾಳ ಶಕ್ತಿ ಐತವ್ವ ಇದರಾಗ. ನಾ ಇದನ್ನ ಬೆಂಗಳೂರಿಗೆ ಕಳಸ್ತೀನಿ. ಬೀದಿ ನಾಟಕದಾಗ ಹಾಡಸ್ತೀನಿ. ಇಡೀ ಶೋಷಿತರ ದನಿ ಇದು. ಅಂಕಿತ ಏನಿಟ್ಟೀ?"

"ಇನ್ನೂ ಕುಂತಿಲ್ಲರಿ."

ಅವನು ದನಿ ತಗ್ಗಿಸಿದ. "ಹುಲಿಗಿ ಅಮ್ಮನ್ನೇ ಇಡು. ಯಾರ ಮ್ಯಾಲೂ ಬರದಂಗ ಇರಲಿ. ಮತ್ತ, ಉಷಾನ್ನ ನಾರಾಯಣಗೂಡದ ಹಾಸ್ಟೆಲಿಗೆ ಸೇರಸೂಣು. ಊಟ, ಬಟ್ಟಿ ಎಲ್ಲಾ ಮಂಡಳಿಯಿಂದ. ಮಾಸ್ತರೇ ಸೂಚಿಸ್ಯಾರ. ಅವ್ರಿಗೂ ಭಾಳ ನೋವಾಗೈತಿ."

ಇಲ್ಲಿತ್ತು ನೋಡು ಗುಟ್ಟು. ಹಾಡು ಬೇಕು, ಹಾಡಿನೊಳಗಿನ ಮನುಷ್ಯ ಬೇಡ. ಕೂಸನ್ನು ಕಣ್ಣಿಂದ ದೂರ ಮಾಡಬೇಕು. ಹುಲಿಗೆಮ್ಮ ಖಾಲಿ ಲೋಟ ಎತ್ತಿಕೊಂಡಳು.

"ನನ್ನ ಕೂಸು ಎಲ್ಲೂ ಹೋಗಂಗಿಲ್ಲರಿ ಸಾಹೇಬ್ರ. ಹೋಗೋರು ಬ್ಯಾರೆ ಅದಾರ. ಪದ ಹಾಡ್ತೀವಿ. ಒಂದು ಮಾತು. ಶ್ರುತಿ ಮಾಸ್ತರೇ ಹಿಡೀಬೇಕು. ಇಲ್ಲಂದ್ರ ಸುರ ಕೂಡಂಗಿಲ್ಲ."

ಶಿವಾನಂದನಿಗೆ ಸಂತೋಷವೇ ಆಯಿತು. ರಾಜಿಯಾಯಿತು ಎಂದುಕೊಂಡ. ಸುಬ್ಬರಾಯ ಮಾಸ್ತರರೂ ತುಂಬಿದ ಮನಸ್ಸಿನಿಂದ ಒಪ್ಪಿದರಂತೆ. ದೂರು ಕೊಟ್ಟವಳ ಹಾಡಿಗೂ ಶ್ರುತಿ ಹಿಡಿಯುತ್ತಾರಲ್ಲ ಎಂದು ಕ್ವಾರ್ಟರ್ಸು ಇನ್ನೊಮ್ಮೆ ಹೊಗಳಿತು.

ಅಂಕಿತವನ್ನು ಅವಳು ಹಿಮ್ಮೇಳದ ಹೆಂಗಸರಿಗೆ ಮಾತ್ರ ಹೇಳಿದಳು. ಅದೂ ಹಾಲಿನ ಹಿಂದಿನ ನಲ್ಲಿಯ ಹತ್ತಿರ, ಕಾರ್ಯಕ್ರಮದ ದಿನವೇ. ಕೇಳಿ ಅವರು ಬಿಳಿಚಿಕೊಂಡರು. ಎಲ್ಲರೂ ಅದೇ ಕ್ವಾರ್ಟರ್ಸಿನ ಮುಸುರೆಯವರು. "ಆಗದಿದ್ರ ಸುಮ್ಮಕಿರ್ರಿ" ಅಂದಳು. "ನಾ ಒಬ್ಬಾಕೀನೇ ಹಾಡ್ತೀನಿ." ಯಾರು ಬಾಯಿಬಿಡುತ್ತಾರೋ, ಯಾರು ಬಿಡುವುದಿಲ್ಲವೋ, ಯಾರು ಈಗಲೇ ಹೋಗಿ ಒಳಗೆ ಊದುತ್ತಾರೋ ಅವಳಿಗೆ ತಿಳಿಯಲಿಲ್ಲ.

ನವೆಂಬರ್ ಒಂದರ ಸಂಜೆ ಹಾಲು ಮಂದಿಯಿಂದ ತುಂಬಿತ್ತು. ಶೋಭಾ ರೇಷ್ಮೆ ಲಂಗ ಹಾಕಿಕೊಂಡು ಮೊದಲೇ ಹಾಡಿ ಮುಗಿಸಿದ್ದಳು. ಚಪ್ಪಾಳೆ ಬಿದ್ದರೂ ಆ ಹುಡುಗಿ ತಲೆ ಎತ್ತಿರಲಿಲ್ಲ. ಎರಡೂ ಕೈಯನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡು ತಾಯಿಯ ಪಕ್ಕ ಕೂತಿತ್ತು. ಹುಲಿಗೆಮ್ಮ ಆ ಕೈಗಳನ್ನು ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಬಸ್ತಿ ಹೆಂಗಸರು ಎದ್ದು ಬಂದರು. ಜಮಖಾನದ ಅಂಚಿನಲ್ಲಿ ನಿಂತರು. ಹುಲಿಗೆಮ್ಮ ಅಂಚು ದಾಟಿ, ಜಮಖಾನ ತುಳಿದು, ಹಾರ್ಮೋನಿಯಮ್ಮಿನ ಎದುರಿಗೇ ಬಂದು ನಿಂತಳು.

"ಮಾಸ್ತರ, ಒಂದು ಸುರ ಕೊಡ್ರಿ. ಏರಬ್ಯಾಡ್ರಿ, ಇಳೀಬ್ಯಾಡ್ರಿ. ಪದ ಮುಗಿಯೋತನಕ ನಿಂದ್ರಬಾರದು."

ಮಾಸ್ತರರ ಬೆರಳು ಸುರದ ಮನೆಯ ಮೇಲೆ ಕೂತಿತು. ಇನ್ನೊಂದು ಕೈ ತಿದಿಯ ಮೇಲೆ. ಎರಡೂ ಕೈ ಪೆಟ್ಟಿಗೆಯ ಮೇಲೆ. ಸುರ ಎದ್ದಿತು.

ಬಾಗಿಲ ಹಾಕ್ಯಾರೇ ಯವ್ವ ಪಾಠದ ಮನಿಗೆ,
ಸುರವೊಂದೆ ಕೇಳತೈತಿ ಹೊರಗಿದ್ದ ಕಿವಿಗೆ.
ಏರಲಿಲ್ಲ ಆ ಸುರ, ಇಳಿಲಿಲ್ಲ ಆ ಸುರ,
ಎರಡು ಕೈ ಪೆಟ್ಟಿಗಿ ಮ್ಯಾಲ, ಕೂಸಿಗಿಲ್ಲ ಉಸಿರ.

ಮಾಸ್ತರರು ತಲೆ ಎತ್ತಿದರು. ಅವರ ಹಣೆಯ ಮೇಲೆ ಬೆವರೊಡೆಯಿತು. ಕೈ ತೆಗೆಯುವಂತಿಲ್ಲ. ತೆಗೆದರೆ ಹಾಲು ತುಂಬಾ ಕೂತವರು ಯಾಕೆ ಎಂದು ಕೇಳುತ್ತಾರೆ. ತಿದಿ ಒತ್ತುತ್ತಲೇ ಇದ್ದರು. ಹುಲಿಗೆಮ್ಮ ಅವರ ಮೇಲಿನ ಕಣ್ಣು ತೆಗೆಯಲಿಲ್ಲ. ಒತ್ತು ಮಗನೆ, ಒತ್ತು ಎಂದುಕೊಂಡಳು. ಸುರ ನಿಲ್ಲಬಾರದು ಎಂದರೆ ಏನು ಅಂತ ನಿನಗೂ ತಿಳಿಯಲಿ.

ಮೆಟ್ಟಿಲ ಗುಡಿಸ್ಯಾಳೇ ಹಡೆದವ್ವ ಹೊರಗೆ,
ಪಾಠ ನಡದೈತಂತ ನಕ್ಕಾಳ ಒಳಗೊಳಗೆ.
ಅಡ್ಡಾಡಿದವರೆಲ್ಲ ಆಹಾ ಅಂದಾರ,
ಕದ ತಟ್ಟಿ ಕೇಳಿದವರು ಯಾರದಾರ?

ಅಂಕಿತದ ಹೊತ್ತು ಬಂತು. ಹಿರಿಯರು ರೂಢಿಯಂತೆ ಕೈ ಜೋಡಿಸಿದರು. ಶಿವಾನಂದ ಟೇಪಿನ ಕಡೆ ಬಾಗಿದ.

ಪದ ಕಟ್ಟಿಸಿದಾವ ಸುಬ್ಬರಾಯ,
ಕದ ಹಾಕಿದಾವ ಸುಬ್ಬರಾಯ.

ಜೋಡಿಸಿದ ಕೈಗಳು ಹಾಗೇ ನಿಂತವು. ಮುಂದಕ್ಕೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಹಾರ್ಮೋನಿಯಮ್ಮಿನಿಂದ ಮಾಸ್ತರರ ಕೈ ಜಾರಿತು. ಸುರ ನಿಂತಿತು. ಅಂಕಿತವನ್ನು ತಿರುಗಿಸಬೇಕಾದವರು ಹಿಮ್ಮೇಳದವರು. ಹುಲಿಗೆಮ್ಮ ಹಿಂದಕ್ಕೆ ತಿರುಗಿ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ. ಆಮೇಲೆ ಹಿಂದಿನಿಂದ ಒಂದು ಮುದಿ ದನಿ ಎದ್ದಿತು. ಅದರ ಹಿಂದೆ ಇನ್ನೊಂದು. ಪೆಟ್ಟಿಗೆಯ ಸುರ ಇಲ್ಲದೆಯೇ ಅವರು ಅಂಕಿತವನ್ನು ಮೂರು ಸಲವೂ ತಿರುಗಿಸಿದರು. ಆಗ ಎಲ್ಲ ಕಡೆಯಿಂದ ಗದ್ದಲ ಎದ್ದಿತು. ಎಳೆದು ಹಾಕ್ರಿ ಹೊರಗ ಎಂದು ಒಬ್ಬ, ಲೈಟು ಆರಸ್ರಿ ಎಂದು ಇನ್ನೊಬ್ಬ. ಶಿವಾನಂದ ಟೇಪಿನ ಗುಂಡಿ ಒತ್ತಿ, ಹಾಡಿದ್ದನ್ನು ಅಳಿಸತೊಡಗಿದ. ಎಷ್ಟು ಬೇಗ ಗುಂಡಿ ಸಿಕ್ಕಿತು ಅವನಿಗೆ!

ಮಾರನೆಯ ದಿನದಿಂದ ಹುಲಿಗೆಮ್ಮನಿಗೆ ಗೇಟು ಬಂದ್. ಹಾಡಿದವರಲ್ಲಿ ಅರ್ಧ ಮಂದಿಗೂ ಬಂದ್. ಮಲ್ಲಪ್ಪನನ್ನು ಕೆಲಸದಿಂದ ತೆಗೆದರು. ಅವನು ಬಂದು ಬೈಯುತ್ತಾನೆ ಎಂದು ಅವಳು ಕಾದಳು. ಅವನು ಬಂದ. ಬೈಯಲಿಲ್ಲ. ಹೊಸ್ತಿಲಲ್ಲಿ ಕೂತು, "ಅಂಕಿತ ಹೆಂಗೈತಿ, ಇನ್ನೊಮ್ಮೆ ಅನ್ನು" ಅಂದ. ಅಂದಳು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎನ್ನಬೇಡಿ. ಮುಂದಿನ ಭಾನುವಾರ ಬೆಳಿಗ್ಗೆ ಹಾಲಿನಲ್ಲಿ ಹಾರ್ಮೋನಿಯಂ ಮತ್ತೆ ಎದ್ದಿತು. ಪಾಠ ಶುರು. ಏನೂ ಆಗೇ ಇಲ್ಲ ಎಂಬಂತೆ. ಉಷಾ ಓಡಿಹೋಗಿ ಡ್ರಮ್ಮಿನ ಹಿಂದೆ ಕೂತಳು. ಹುಲಿಗೆಮ್ಮ ಗೋಡೆಯ ಹತ್ತಿರ ಬಂದು ನಿಂತಳು. ಮಕ್ಕಳ ಗದ್ದಲ ಕೇಳಿತು, ಆಮೇಲೆ ಅವರು ಹೊರಟುಹೋದದ್ದೂ ಕೇಳಿತು. ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಒಂದು ಸುರ. ಉದ್ದಕ್ಕೆ.

ಗೇಟಿನಲ್ಲಿ ಬಿಡುವುದಿಲ್ಲ. ಗೋಡೆಯ ತುದಿಗೆ ಗಾಜಿನ ಚೂರು. ಬಾಯಿಯೊಂದೇ ಆ ಕಡೆ ದಾಟಬಲ್ಲದ್ದು. ಬಾಯಿಬಿಟ್ಟಳು.

ಕದ ಹಾಕಿದಾವ ಸುಬ್ಬರಾಯ...

ಬಸ್ತಿಯ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದವರು ತಿರುಗಿ ನೋಡಿದರು. ಒಬ್ಬಳು ಕೊಡ ಕೆಳಗಿಟ್ಟಳು. ಇನ್ನೊಬ್ಬಳು ಖಾಲಿ ಕೊಡದ ಮೇಲೆ ಕೈ ಬಡಿದಳು. ಸಾಲಿನಲ್ಲಿದ್ದವರೆಲ್ಲ ಗೋಡೆಗೆ ಮುಖ ಮಾಡಿ ಅಂಕಿತ ಹಿಡಿದರು. ಮಲ್ಲಪ್ಪನೂ ಬಂದು ದನಿಗೂಡಿಸಿದ. ಗೋಡೆಯಾಚೆ ಆ ಸುರ ಇನ್ನೂ ಇತ್ತು. ನಡುಗುತ್ತಿತ್ತು. ಒಳಗೆ ಯಾವ ಕೂಸಿನ ಬೆರಳೋ.

ಆಗ ಕ್ವಾರ್ಟರ್ಸಿನ ಕಡೆಯಿಂದ ಒಂದು ಕಿಟಕಿ ದಡಾರನೆ ತೆರೆದ ಸದ್ದಾಯಿತು. ಯಾರೋ ಮೆಟ್ಟಿಲಿಳಿದು ಓಡಿದರು. ಹಾಲಿನ ಬಾಗಿಲನ್ನು ಎರಡೂ ಕೈಯಿಂದ ಗುದ್ದಿದರು. ಕೃಷ್ಣಾಬಾಯಿಯ ದನಿ. ಮೆಲ್ಲಗೆ ಮಾತಾಡು ಎಂದಿದ್ದ ಅದೇ ಬಾಯಿ ಈಗ ಇಡೀ ಓಣಿಗೆ ಕೇಳುವಂತೆ ಕೂಗಿತು.

"ಶೋಭಾ, ಹೊರಗ ಬಾ. ಕೈ ತಗಿ. ಪೆಟ್ಟಿಗಿ ಬಿಟ್ಟು ಹೊರಗ ಬಾ."

ಸುರ ನಿಂತಿತು.

ಬಸ್ತಿಯವರು ಹಾಡು ನಿಲ್ಲಿಸಿದರು. ಗೋಡೆಯಾಚೆ ಬಾಗಿಲು ತೆರೆದ ಸದ್ದು, ಒಂದು ಹುಡುಗಿ ಅತ್ತ ಸದ್ದು, ಗಂಡಸರ ಗದ್ದಲ. ಸುಬ್ಬರಾಯನ ಮೆತ್ತಗಿನ ದನಿ ಏನೋ ಸಮಜಾಯಿಷಿ ಹೇಳುತ್ತಿತ್ತು. ಅದರ ಮೇಲೆ ಕೃಷ್ಣಾಬಾಯಿ ಕೂಗುತ್ತಿದ್ದಳು.

ಉಷಾ ಡ್ರಮ್ಮಿನ ಹಿಂದಿನಿಂದ ಬಂದು ತಾಯಿಯ ಪಕ್ಕ ನಿಂತಳು. ಕೈ ಇನ್ನೂ ಕಂಕುಳಲ್ಲೇ ಇತ್ತು.

"ನಿಂತೈತೇನು ಯವ್ವ?"

"ನಿಂತೈತಿ."

"ಮತ್ತ ಶುರು ಆಗಂಗಿಲ್ಲಾ?"

ಹುಲಿಗೆಮ್ಮ ಆಗುವುದಿಲ್ಲ ಎನ್ನಲಿಲ್ಲ. ಕ್ವಾರ್ಟರ್ಸಿನವರನ್ನು ಅವಳು ಬಲ್ಲಳು. ಇವತ್ತು ಕೂಗಿದ ಬಾಯಿಯನ್ನು ನಾಳೆ ಯಾರಾದರೂ ಬಂದು ಮುಚ್ಚಿಸಬಹುದು. ಕೃಷ್ಣಾಬಾಯಿ ಮತ್ತೆ ಕಿಟಕಿ ಮುಚ್ಚಬಹುದು. ನಲ್ಲಿಯ ಮುಂದೆ ನಿಂತವರನ್ನು ನೋಡಿದಳು. ಯಾರೂ ಕೊಡ ಎತ್ತಿಕೊಂಡಿರಲಿಲ್ಲ.

"ನೀ ಆಡಾಕ ಹೋಗು" ಎಂದಳು. "ನಾ ಇಲ್ಲೇ ನಿಂತು ಕೇಳ್ತಿರ್ತೀನಿ."

ಉಷಾ ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. ತಾಯಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಳು. ಕೂಸು ಕಂಕುಳಿಂದ ಕೈ ತೆಗೆದು, ನೆಲದಲ್ಲಿ ಬಿದ್ದಿದ್ದ ಬಿಲ್ಲೆಕಲ್ಲು ಎತ್ತಿಕೊಂಡಿತು.